ಚಪ್ಪಲಿ ಅಂಗಡಿಯಲ್ಲಿ ಕೆಲಸ ಕೇಳಿದ್ದು

ನನಗೆ ಕೇಳುವುದು ಬರುತ್ತಿರಲಿಲ್ಲ. ಹೇಳುವುದು ಬರುತ್ತಿತ್ತು. ಸಹಸ್ರನಾಮವನ್ನು ಬೇಕಾದರೆ ನಿದ್ದೆಗಣ್ಣಿನಲ್ಲೂ ತಪ್ಪಿಲ್ಲದೆ ಹೇಳಿಬಿಡುತ್ತಿದ್ದೆ. ಆದರೆ ಒಬ್ಬ ಅಂಗಡಿಯವರ ಮುಂದೆ ನಿಂತು ‘ನನಗೊಂದು ಕೆಲಸ ಕೊಡ್ತೀರಾ’ ಅನ್ನುವಷ್ಟಕ್ಕೆ ನಾಲಿಗೆ ಏಳುತ್ತಿರಲಿಲ್ಲ.

ಹೊಳೆನರಸೀಪುರದಲ್ಲಿ ನಮ್ಮ ಬೀದಿಯ ತುದಿಗೆ ಒಂದು ಆಂಜನೇಯನ ಗುಡಿ ಇದೆ. ಅಪ್ಪ ಅಲ್ಲಿಯ ಅರ್ಚಕರು, ಅವರಪ್ಪನೂ ಅದೇ ಕೆಲಸ ಮಾಡಿದವರು. ಗುಡಿ ಚಿಕ್ಕದು. ಅದನ್ನು ನಂಬಿಕೊಂಡು ಒಂದು ಸಂಸಾರ ಹೊಟ್ಟೆ ಹೊರೆಯಬಹುದು, ಎರಡು ಸಂಸಾರ ಆಗದು. ಅಣ್ಣ ಹಿರಿಯ, ಆದ್ದರಿಂದ ಗುಡಿ ಅವನಿಗೆ ಅಂತ ನಾನು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿತ್ತು. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಮಾಘಮಾಸದ ಚಳಿಯಲ್ಲಿ ತಣ್ಣೀರು ಸ್ನಾನ ಅವನಿಗೇ ಇರಲಿ ಅಂದುಕೊಂಡು ನಾನು ಬಿ.ಕಾಂ. ಓದಿದೆ.

ಓದು ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತೆ. ಕೂತವನ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಅರಕಲಗೂಡಿನಲ್ಲಿದ್ದ ನಮ್ಮ ಸೋದರಮಾವನ ಕಣ್ಣೂ ಬಿತ್ತು. ಮಾವ ಊರೂರಿನಲ್ಲಿ ಶ್ರಾದ್ಧ ಮಾಡಿಸುವವರು. ಶ್ರಾದ್ಧಕ್ಕೆ ಮಂತ್ರ ಹೇಳುವವರಿದ್ದರೆ ಸಾಲದು, ಸತ್ತವರ ಸ್ಥಾನದಲ್ಲಿ ಕೂತು ಉಣ್ಣುವ ಬ್ರಾಹ್ಮಣರೂ ಬೇಕು. ಬ್ರಾಹ್ಮಣಾರ್ಥ ಅನ್ನುತ್ತಾರೆ ಅದಕ್ಕೆ. ಮೊದಲೆಲ್ಲ ಸಂಸಾರಸ್ಥರೇ ಆಗಬೇಕಿತ್ತು. ಈಗ ಕೂರುವವರೇ ಸಿಗುವುದಿಲ್ಲವಾದ್ದರಿಂದ ಮದುವೆಯಾಗದ ನನ್ನಂಥವನಾದರೂ ನಡೆಯುತ್ತದೆ ಅಂತ ಮಾವ ಒಂದು ಸಲ ನನ್ನನ್ನು ಅರಕಲಗೂಡಿನ ಒಂದು ಮನೆಗೆ ಕರೆದುಕೊಂಡು ಹೋಗಿದ್ದರು.

ಆ ಮನೆಯ ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ತಲೆ ಪೂರ್ತಿ ನೆರೆತಿತ್ತು. ಅವರು ಹಿತ್ತಲ ಬಾಗಿಲಲ್ಲಿ ನನ್ನನ್ನು ಮಣೆಯ ಮೇಲೆ ನಿಲ್ಲಿಸಿ ಎರಡೂ ಕಾಲು ತೊಳೆದರು. ತೊಳೆದು ಒರೆಸಿ, ಆ ನೀರನ್ನು ತಲೆಗೆ ಹಚ್ಚಿಕೊಂಡರು. ಆಮೇಲೆ ಊಟಕ್ಕೆ ಕೂತಾಗ ‘ಅಪ್ಪನಿಗೆ ಹೆಸರುಬೇಳೆ ಪಾಯಸ ಇಷ್ಟ’ ಅಂತ ನನ್ನ ಎಲೆಗೆ ಇನ್ನೊಂದು ಸೌಟು ಬಡಿಸಿ, ನನ್ನ ಮುಖ ನೋಡುತ್ತಾ ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಅವರಪ್ಪ ಯಾರು ಅಂತ ಗೊತ್ತಿರಲಿಲ್ಲ. ಪಾಯಸ ಬಿಡುವ ಹಾಗಿರಲಿಲ್ಲ, ತಲೆ ತಗ್ಗಿಸಿ ಅಷ್ಟನ್ನೂ ಉಂಡೆ. ಇನ್ನೊಮ್ಮೆ ಈ ಕೆಲಸಕ್ಕೆ ಬರಲಾರೆ ಅಂತ ಕೈ ತೊಳೆಯುವಾಗಲೇ ನಿಶ್ಚಯಿಸಿದೆ.

ಮಾವನಿಗೆ ಇದೆಲ್ಲ ಗೊತ್ತಿಲ್ಲ. ಗಣೇಶನ ಹಬ್ಬದ ಮಾರನೆಯ ದಿನ ಅಪ್ಪನಿಗೆ ಫೋನು ಮಾಡಿದರು. ಹುಣ್ಣಿಮೆ ಕಳೆದರೆ ಪಿತೃಪಕ್ಷ, ಪಕ್ಷದಲ್ಲಿ ದಿನಕ್ಕೊಂದು ಮನೆ ಒಪ್ಪಿಕೊಂಡಿದ್ದಾರೆ, ನಾನು ಬಟ್ಟೆಬರೆ ತೆಗೆದುಕೊಂಡು ಬಂದುಬಿಡಬೇಕು, ಪಕ್ಷ ಮುಗಿದ ಮೇಲೂ ಅಲ್ಲೇ ಇದ್ದು ಕೆಲಸ ಕಲಿಯಬಹುದು. ಅಪ್ಪ ಫೋನಿಟ್ಟು ನನ್ನ ಕಡೆ ನೋಡಿದರು.

‘ಬೇರೆ ಏನಾದರೂ ಗೊತ್ತು ಮಾಡ್ಕೊಂಡಿದ್ದೀಯಾ? ಇದ್ದರೆ ಹೇಳು, ಅವನಿಗೆ ಇಲ್ಲ ಅಂದ್ಬಿಡ್ತೀನಿ.’

‘ನೋಡ್ತಿದ್ದೀನಿ ಅಪ್ಪ’ ಅಂದೆ.

‘ಶನಿವಾರ ಗುಡಿಗೆ ಬರೋರಲ್ಲಿ ಯಾರಿಗಾದರೂ ಒಂದು ಮಾತು ಹೇಳಲಾ?’

ಬೇಡ ಅಂದೆ. ಹಿಂದೆ ಅಣ್ಣನ ಕಾಲೇಜಿನ ಸೀಟಿಗೆ ಅಪ್ಪ ಒಬ್ಬ ವಕೀಲರಿಗೆ ಒಂದು ಮಾತು ಹೇಳಿದ್ದರು. ಆಮೇಲೆ ಆ ವಕೀಲರು ಮಧ್ಯಾಹ್ನ ಗುಡಿ ಬಾಗಿಲು ಹಾಕಿದ ಮೇಲೂ ನೆಂಟರನ್ನು ಕರೆದುಕೊಂಡು ಬರುತ್ತಿದ್ದರು, ಅಪ್ಪ ಅರ್ಧ ಊಟ ಬಿಟ್ಟು ಎದ್ದುಹೋಗಿ ಬಾಗಿಲು ತೆಗೆಯುತ್ತಿದ್ದರು. ನನ್ನ ಕೆಲಸವನ್ನು ನಾನೇ ಕೇಳಬೇಕು ಅಂತ ಹಟ ಹುಟ್ಟಿದ್ದು ಅದರಿಂದ. ಹಟವೇನೋ ಹುಟ್ಟಿತು, ಬಾಯಿ ಹುಟ್ಟಲಿಲ್ಲ.

ಮೊದಲು ನಮ್ಮೂರಿನ ಪೇಟೆಬೀದಿಯ ಒಂದು ಬಟ್ಟೆ ಅಂಗಡಿಗೆ ಹೋದೆ. ಅಲ್ಲಿ ದಸರಾ ವ್ಯಾಪಾರಕ್ಕೆ ಜನ ಬೇಕು ಅಂತ ಕೇಳಿದ್ದೆ. ಮೆಟ್ಟಿಲು ಹತ್ತುತ್ತಿದ್ದ ಹಾಗೆಯೇ ಯಜಮಾನರು ಎದ್ದುನಿಂತು ಕೈಮುಗಿದರು.

‘ಬನ್ನಿ ಬನ್ನಿ. ನಾನೇ ಬರೋನಿದ್ದೆ, ನೀವೇ ಬಂದ್ಬುಟ್ರಿ. ಗಾಡಿ ಪೂಜೆಗೆ ಯಾವತ್ತು ಒಳ್ಳೇದು ಅಂದ್ರು ಅಪ್ಪಾವ್ರು?’

ಅವರು ಹೊಸ ಗಾಡಿ ತೆಗೆದುಕೊಂಡಿದ್ದರು. ದಿನ ನೋಡಿ ಹೇಳಿ ಅಂತ ಅಪ್ಪನನ್ನು ಕೇಳಿದ್ದರಂತೆ. ನಾನು ಅದಕ್ಕಲ್ಲ ಬಂದದ್ದು ಅನ್ನಬೇಕಿತ್ತು. ಅದರ ಬದಲು ‘ಶುಕ್ರವಾರ ಬೆಳಿಗ್ಗೆ ಚೆನ್ನಾಗಿದೆ’ ಅಂದೆ. ಬೆಳಿಗ್ಗೆಯೇ ಪಂಚಾಂಗ ನೋಡಿದ್ದರಿಂದ ಅದು ಸುಳ್ಳೂ ಆಗಿರಲಿಲ್ಲ. ಯಜಮಾನರು ಸಂತೋಷಪಟ್ಟು, ವೀಳ್ಯದೆಲೆಯ ಮೇಲೆ ದಕ್ಷಿಣೆಯನ್ನೂ ಒಂದು ಚಿಪ್ಪು ಬಾಳೆಹಣ್ಣನ್ನೂ ಇಟ್ಟು ನನ್ನ ಕೈಗೆ ಕೊಟ್ಟು ಮತ್ತೆ ಕೈಮುಗಿದರು. ಕೈಮುಗಿದು ನಿಂತವರ ಹತ್ತಿರ ಕೆಲಸ ಕೇಳುವುದು ಹೇಗೆ? ಬಸ್‌ಸ್ಟ್ಯಾಂಡಿಗೆ ಹೋಗಿ ಎರಡು ಹಣ್ಣು ತಿಂದು, ಉಳಿದದ್ದನ್ನು ಅಮ್ಮನಿಗೆ ಕೊಟ್ಟೆ.

ನಮ್ಮೂರಿನಲ್ಲಿ ಇದು ಆಗುವ ಮಾತಲ್ಲ ಅಂತ ಅರ್ಥವಾಯಿತು. ಅಲ್ಲಿ ನಾನು ಯಾವ ಅಂಗಡಿಗೆ ಹೋದರೂ ಅಯ್ನೋರ ಮಗ. ಅದಕ್ಕೇ ಚನ್ನರಾಯಪಟ್ಟಣಕ್ಕೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೆಲಸ ಕೇಳುವ ವಾಕ್ಯವನ್ನು ಬಾಯಿಪಾಠ ಮಾಡಿದೆ. ಕಂಡಕ್ಟರು ಬಂದು ‘ಎಲ್ಲಿಗೆ?’ ಅಂದಾಗ ಬಾಯಿಂದ ‘ಸಾರ್, ನಾನು ಬಿ.ಕಾಂ. ಮಾಡಿದ್ದೀನಿ’ ಅಂತ ಹೊರಟುಹೋಯಿತು.

‘ಬಿ.ಕಾಂ. ಮಾಡಿದ್ರೂ ಟಿಕೆಟ್ ತಗಬೇಕು ಕಣಪ್ಪ’ ಅಂದರು ಅವರು. ಬಸ್ಸಿಗೆ ಬಸ್ಸೇ ನಕ್ಕಿತು.

ಅಲ್ಲಿ ಒಂದು ಮೊಬೈಲ್ ಅಂಗಡಿಯ ಮುಂದೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಾಡಿದೆ. ಕೊನೆಗೆ ಒಳಗಿದ್ದವರೇ ‘ಏನ್ ಬೇಕಿತ್ತು?’ ಅಂದರು. ಬೇಕಾದದ್ದು ಕೆಲಸ. ಕೇಳಿದ್ದು ಫೋನಿನ ಗಾಜಿನ ಮೇಲೆ ಅಂಟಿಸುವ ಇನ್ನೊಂದು ಗಾಜು. ‘ಇರೋದು ಚೆನ್ನಾಗೇ ಐತಲ್ಲ’ ಅಂತ ಅವರು ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದರು. ಒಂದು ಗುಳ್ಳೆಯೂ ಬರದ ಹಾಗೆ ನೀಟಾಗಿ ಅಂಟಿಸಿದರು. ನಾನು ಥ್ಯಾಂಕ್ಸ್ ಹೇಳಿ ವಾಪಸು ಬಂದೆ. ಮನೆಯಲ್ಲಿ ಅಣ್ಣ ‘ಏನಾಯ್ತೋ?’ ಅಂದ. ಫೋನು ತೋರಿಸಿದೆ. ಅವನು ಒಳ್ಳೆಯವನು, ನಗಲಿಲ್ಲ.

ಅನಂತನ ಹಬ್ಬ ಹತ್ತಿರ ಬಂತು. ಅಮ್ಮ ನನ್ನ ಪಂಚೆ, ಶಲ್ಯಗಳನ್ನು ಒಗೆದು ಮಡಿಸಿಡತೊಡಗಿದಳು. ಆ ಮಡಿಕೆಗಳನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ನಿಜವಾದ ಹೆದರಿಕೆ. ಜೀವಮಾನವೆಲ್ಲ ಯಾರು ಯಾರದೋ ಅಪ್ಪನಾಗಿ ಕೂತು ಉಣ್ಣಬೇಕಲ್ಲ ಅಂತ.

ಗುರುವಾರ ಹಾಸನದ ಬಸ್ಸು ಹತ್ತಿದೆ. ಹಾಸನದಲ್ಲಿ ಇಳಿದವನು ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದು ಹಣೆಯ ನಾಮವನ್ನು ಉಜ್ಜಿ ಅಳಿಸಿದೆ. ಎಂಟು ವರ್ಷಕ್ಕೆ ಮುಂಜಿಯಾದಾಗಿನಿಂದ ದಿನವೂ ಇಟ್ಟ ನಾಮ. ಅದು ಹೋದರೂ ಅದರ ಜಾಗ ಬಿಳಿಚಿಕೊಂಡು ಹಾಗೇ ಇತ್ತು. ಕಟ್ಟಿನಕೆರೆ ಮಾರ್ಕೆಟ್ಟಿನ ಕಡೆ ನಡೆದು ಹೋಗುವಾಗ ಒಂದು ಅಂಗಡಿಯ ಗಾಜಿನ ಮೇಲೆ ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಅಂತ ಬರೆದು ಅಂಟಿಸಿದ್ದು ಕಾಣಿಸಿತು. ಸಂತೋಷವಾಯಿತು. ತಲೆಯೆತ್ತಿ ನೋಡಿದರೆ ಚಪ್ಪಲಿ ಅಂಗಡಿ.

ನಮ್ಮ ಮನೆಯಲ್ಲಿ ಚಪ್ಪಲಿ ಮುಟ್ಟಿದರೆ ಕೈ ತೊಳೆಯಬೇಕು. ಚಪ್ಪಲಿಯ ಮಾತು ಬಂದರೂ ಅಜ್ಜಿಯ ಕಾಲದಲ್ಲಿ ‘ಕಾಲಿಗೆ ಹಾಕ್ಕೊಳ್ಳೋದು’ ಅನ್ನುತ್ತಿದ್ದರೇ ಹೊರತು ಹೆಸರು ಹಿಡಿದು ಹೇಳುತ್ತಿರಲಿಲ್ಲವಂತೆ. ನಾನು ಮುಂದೆ ಹೋದೆ. ಹೋಟೆಲಿನಲ್ಲಿ ಕಾಫಿ ಕುಡಿದೆ. ಈಗ ಎಲ್ಲಾ ರಬ್ಬರು, ರೆಕ್ಸಿನ್ನು, ಚರ್ಮ ಎಲ್ಲಿ ಬಂತು ಅಂತ ನನಗೆ ನಾನೇ ವಾದ ಮಾಡಿದೆ. ಎದುರುವಾದಿ ನಾನೇ ಆದ್ದರಿಂದ ಬೇಗ ಗೆದ್ದೆ. ವಾಪಸು ಬಂದು ಗಾಜಿನ ಬಾಗಿಲು ತಳ್ಳಿದೆ.

‘ಬನ್ನಿ ಸಾ, ಕೂತ್ಕಳಿ’ ಅಂತ ಒಳಗಿದ್ದ ಮಧ್ಯವಯಸ್ಸಿನ ಕೆಲಸದವರು ಒಂದು ಸ್ಟೂಲು ಎಳೆದರು. ಕೂತೆ. ಮತ್ತೆ ಅದೇ ಕತೆ ಶುರುವಾಯಿತು ಅಂತ ಗೊತ್ತಾಯಿತು. ಮೊನ್ನೆ ಗಾಜು, ಇವತ್ತು ಚಪ್ಪಲಿ. ಅವರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾನು ಬೇಡ ಅನ್ನುವುದರೊಳಗೆ ನನ್ನ ಬಲಗಾಲನ್ನು ಹಿಡಿದು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡರು.

ಅರಕಲಗೂಡಿನ ಆ ಹಿತ್ತಲ ಬಾಗಿಲು ನೆನಪಾಯಿತು. ಕಾಲು ಎಳೆದುಕೊಂಡು ಎದ್ದುನಿಂತೆ.

‘ನಾನು ಕೊಳ್ಳೋಕೆ ಬಂದಿಲ್ಲ. ಕೆಲಸ ಕೇಳೋಕೆ ಬಂದೆ. ಇದು ನಾನು ಮಾಡ್ತೀನಿ. ನೀವು ಮಾಡ್ತಿರೋದು. ಇದನ್ನ ನಾನು ಮಾಡ್ತೀನಿ.’

ಬಾಯಿಪಾಠ ಮಾಡಿದ್ದ ವಾಕ್ಯ ಇದಲ್ಲ. ಬಿ.ಕಾಂ. ಅನ್ನುವ ಮಾತೇ ಬರಲಿಲ್ಲ. ದನಿ ಗುಡಿಯಲ್ಲಿ ಮಂತ್ರ ಹೇಳುವಷ್ಟು ಜೋರಾಗಿ ಬಂದಿರಬೇಕು. ಕ್ಯಾಶಿನಲ್ಲಿ ಕೂತಿದ್ದ ಮಾಲೀಕರು ಪೇಪರು ಕೆಳಗಿಟ್ಟು ನನ್ನನ್ನು ನೋಡಿದರು. ದಪ್ಪ ಮೀಸೆಯ ಗೌಡರು. ಶೆಟ್ಟಿಹಳ್ಳಿ ಕಡೆ ಗದ್ದೆ ಇದೆ, ಅದನ್ನು ತಮ್ಮ ನೋಡಿಕೊಳ್ಳುತ್ತಾರೆ, ಇವರು ಅಂಗಡಿ ನೋಡಿಕೊಳ್ಳುತ್ತಾರೆ ಅಂತ ಆಮೇಲೆ ತಿಳಿಯಿತು. ಅವರ ಕಣ್ಣು ನೆಟ್ಟಗೆ ನನ್ನ ಹಣೆಗೆ ಬಂತು.

‘ಅಯ್ನೋರಾ?’

ಹೌದು ಅಂದೆ.

‘ಇದು ಚಪ್ಲಿ ಅಂಗ್ಡಿ ಸ್ವಾಮಿ. ಬಂದೋರ ಕಾಲ್ ಇಡೀಬೇಕು. ನೀವೇನೋ ಇಡೀತೀನಿ ಅಂತೀರಿ. ಅವ್ರು ಕೊಡಬೇಕಲ್ಲ? ನಿಮ್ಮ ಕೈಗೆ ಕಾಲು ಕೊಡಾಕೆ ನಮ್ಮ ಜನ ಎದ್ರುಕೊಂಡು ಪಕ್ಕದ ಅಂಗ್ಡಿಗೆ ಓದ್ರೆ ನಂಗೆ ಲಾಸು.’

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಇನ್ನು ಯಾರೂ ಇದಕ್ಕೆ ತಯಾರಾಗಿರಲಾರರು ಅಂತ ಕಾಣುತ್ತದೆ.

‘ಒಂದು ದಿನ ನೋಡಿ. ಆಗದಿದ್ದರೆ ನಾನೇ ಹೋಗ್ತೀನಿ’ ಅಂದೆ.

‘ಸಾಯಂಕಾಲದ ಗಂಟ ಇರಿ, ನೋಡಣ’ ಅಂದರು.

ಮೊದಲು ಬಂದವನು ಕಾಲೇಜು ಹುಡುಗ. ಅವನು ಫೋನಿನಿಂದ ಕಣ್ಣು ತೆಗೆಯದೆ ಕಾಲು ಚಾಚಿದ. ಹಿಡಿದೆ. ಆಕಾಶ ಕಳಚಿ ಬೀಳಲಿಲ್ಲ. ಅವನ ಕಾಲುಚೀಲ ನಾರುತ್ತಿತ್ತು ಅನ್ನುವುದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ಆಮೇಲೆ ಒಬ್ಬ ಟೀಚರು, ಆಮೇಲೆ ಗಂಡ ಹೆಂಡತಿ. ಯಾರೂ ನನ್ನ ಹಣೆ ನೋಡಲಿಲ್ಲ. ಅಂಗಡಿಗೆ ಬಂದವರು ಚಪ್ಪಲಿ ನೋಡುತ್ತಾರೆ, ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು.

ಸಂಜೆ ಇಳಿಬಿಸಿಲಿನಲ್ಲಿ ಒಬ್ಬ ಅಜ್ಜಿ ಸೊಸೆಯ ಕೈಹಿಡಿದುಕೊಂಡು ಒಳಗೆ ಬಂದರು. ಇನ್ನೊಂದು ಕೈಯಲ್ಲಿ ಉಂಗುಷ್ಟ ಕಿತ್ತುಹೋದ ಚಪ್ಪಲಿ. ನಮ್ಮೂರಿನ ಪಕ್ಕದ ಹಳ್ಳಿಯವರು, ಪ್ರತಿ ಶನಿವಾರ ನಮ್ಮ ಗುಡಿಗೆ ಬರುವವರು. ನಾನು ಚಿಕ್ಕವನಾಗಿದ್ದಾಗಿನಿಂದ ನನ್ನ ಕೈಯಿಂದ ತೀರ್ಥ ತೆಗೆದುಕೊಂಡವರು. ಹಾಸನದ ಆಸ್ಪತ್ರೆಗೆ ಕಣ್ಣು ತೋರಿಸಲು ಬಂದಿದ್ದರಂತೆ. ಕಣ್ಣು ಮಂಜಾದರೂ ಗುರುತು ಹಿಡಿದರು.

‘ಇದ್ಯಾಕ್ ಸ್ವಾಮಿ ಇಲ್ಲಿ? ನೀವೂ ಚಪ್ಲಿ ತಗಳಾಕ್ ಬಂದ್ರಾ?’

‘ಇಲ್ಲ ಅಜ್ಜಿ. ಇಲ್ಲಿ ಕೆಲಸಕ್ಕೆ ಬಂದಿದ್ದೀನಿ. ಕೂತ್ಕೊಳ್ಳಿ.’

ಅಜ್ಜಿ ಕೂತರು. ಸೊಸೆ ಆರಿಸಿದ ಪಟ್ಟಿಯ ಚಪ್ಪಲಿ ತಂದು ನಾನು ಎದುರಿಗೆ ಕುಕ್ಕರಿಸಿ ಕೂತು ಕೈ ಚಾಚಿದೆ. ಅಜ್ಜಿ ಎರಡೂ ಕಾಲನ್ನು ಸ್ಟೂಲಿನ ಕೆಳಗೆ ಸೆಳೆದುಕೊಂಡು ಸೀರೆಯ ನೆರಿಗೆಯಿಂದ ಮುಚ್ಚಿಕೊಂಡರು.

‘ಅಯ್ಯಯ್ಯೋ, ಬುಡಿ ಸ್ವಾಮಿ. ಪಾಪ ಬತ್ತದೆ. ಆಂಜ್ನೇಯನ್ನ ಮುಟ್ಟೋ ಕೈಯಿ. ಬೇರೆಯೋರು ಅವ್ರಲ್ಲ, ಅವ್ರು ಆಕ್ಲಿ.’

ಬೆಳಿಗ್ಗೆ ನನ್ನ ಕಾಲು ಹಿಡಿದಿದ್ದ ಕೆಲಸದವರು ಏಣಿ ಹತ್ತಿ ಮೇಲಿನ ಡಬ್ಬ ತೆಗೆಯುತ್ತಿದ್ದರು. ಮಾಲೀಕರು ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆ ಅವರು ಹೇಳಿದ ಮಾತೇ ಈಗ ನನ್ನ ಎದುರಿಗೆ ಕೂತಿತ್ತು. ಎದ್ದು, ಚಪ್ಪಲಿಯನ್ನು ಕೆಳಗಿಟ್ಟು ಹೊರಟುಬಿಡಬಹುದಿತ್ತು. ಮನೆಯಲ್ಲಿ ಪಂಚೆ ಮಡಿಸಿ ಇಟ್ಟಿದೆ. ಅರಕಲಗೂಡಿನ ಬಸ್ಸು ಬೇಕಾದಷ್ಟಿವೆ. ನನಗೆ ಅಳು ಬರುವ ಹಾಗಾಯಿತು.

‘ಅಜ್ಜಿ, ಕಾಲು ಕೊಡಿ’ ಅಂದೆ. ‘ನೀವು ಕೊಡದೇ ಇದ್ದರೆ ನನಗೆ ಈ ಕೆಲಸ ಸಿಗೋದಿಲ್ಲ.’

ಅಜ್ಜಿ ನನ್ನನ್ನು ನೋಡಿದರು. ಮಾಲೀಕರನ್ನು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ‘ಆಂಜ್ನೇಯ, ಆಂಜ್ನೇಯ’ ಅನ್ನುತ್ತಾ ಎಡಗಾಲನ್ನು ಮುಂದಿಟ್ಟರು. ಒಡೆದ ಹಿಮ್ಮಡಿ, ಸವೆದ ಕಾಲುಂಗುರ. ಪಟ್ಟಿ ಹಾಕಿ ಬಕಲು ಬಿಗಿದೆ. ಇನ್ನೊಂದು ಕಾಲಿಗೂ ಹಾಕಿದೆ.

‘ಎದ್ದು ಓಡಾಡಿ ನೋಡಿ ಅಜ್ಜಿ, ಸರಿಯಾಗಿದೆಯಾ?’

‘ಸರಿ ಐತೆ ಸರಿ ಐತೆ’ ಅಂದರು, ಕಣ್ಣು ಬಿಡದೆಯೇ. ಸೊಸೆ ನಕ್ಕುಬಿಟ್ಟರು. ಹೊರಡುವಾಗ ಅಜ್ಜಿ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

‘ದೊಡ್ಡಯ್ನೋರ್ಗೆ ಗೊತ್ತಾ?’

‘ಇನ್ನೂ ಹೇಳಿಲ್ಲ.’

‘ನಾನಂತೂ ಯೋಳಲ್ಲ ಬುಡಿ’ ಅಂದರು.

ಮಾಲೀಕರು ಸೋಮವಾರದಿಂದ ಬರಲು ಹೇಳಿದರು. ಗಾಜಿನ ಮೇಲಿನ ಕಾಗದವನ್ನು ನನ್ನ ಕೈಯಲ್ಲೇ ಕೀಳಿಸಿದರು. ಬಸ್ಸಿನಲ್ಲಿ ನನಗೆ ಹಾಡು ಹೇಳಬೇಕು ಅನ್ನುವಷ್ಟು ಸಂತೋಷವಿತ್ತು. ಊರು ಹತ್ತಿರ ಬಂದ ಹಾಗೆಲ್ಲ ಅದು ಇಳಿಯಿತು. ಮನೆಯಲ್ಲಿ ಹಾಸನದ ಒಂದು ಅಂಗಡಿಯಲ್ಲಿ ಕೆಲಸ ಸಿಗುವ ಹಾಗಿದೆ ಅಂದೆ. ಯಾವ ಅಂಗಡಿ ಅಂತ ಅಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ. ಶುಕ್ರವಾರವಿಡೀ ಹೇಳಬೇಕು ಅಂತ ಅವರ ಹಿಂದೆ ಮುಂದೆ ಸುಳಿದಾಡಿದೆ. ಅಂಗಡಿಯವರ ಮುಂದೆ ಬಂದ ಬಾಯಿ ಅಪ್ಪನ ಮುಂದೆ ಮತ್ತೆ ಹೋಯಿತು.

ಶನಿವಾರ ಗುಡಿಯಲ್ಲಿ ಜನ ಹೆಚ್ಚು. ನಾನೂ ಮಡಿಯುಟ್ಟು ಒಳಗೆ ಗಂಧ ತೇಯುತ್ತಾ ಕೂತಿದ್ದೆ. ಬೆಳಗಿನ ಮಂಗಳಾರತಿ ಮುಗಿದು ಜನ ಕರಗಿದ ಮೇಲೆ ಅಜ್ಜಿ ಬಂದರು. ಬಾಗಿಲಾಚೆ ಹೊಸ ಚಪ್ಪಲಿ ಬಿಟ್ಟದ್ದು ನನಗೆ ಕೂತಲ್ಲಿಂದಲೇ ಕಾಣಿಸಿತು. ಸೆರಗಿನ ತುದಿಯ ಗಂಟು ಬಿಚ್ಚಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ್ದ ಏನನ್ನೋ ತೆಗೆದು ಅಪ್ಪನ ತಟ್ಟೆಗೆ ಹಾಕಿದರು.

‘ತಪ್ಪುಕಾಣಿಕೆ ಸ್ವಾಮಿ. ದೇವ್ರಿಗೆ ಒಪ್ಸ್‌ಬುಡಿ.’

ನಮ್ಮ ಕಡೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಏನಾದರೂ ತಪ್ಪು ನಡೆದರೆ ಹೀಗೆ ಕಾಣಿಕೆ ಕಟ್ಟಿ ದೇವರ ಮುಂದಿಟ್ಟು ಕೈಕಟ್ಟಿ ನಿಲ್ಲುತ್ತಾರೆ. ಅಪ್ಪ ರೂಢಿಯಂತೆ ಕೇಳಿದರು.

‘ಏನು ತಪ್ಪಾಯ್ತಮ್ಮ?’

ನನ್ನ ಕೈ ಸಾಣೆಕಲ್ಲಿನ ಮೇಲೆ ನಿಂತುಹೋಯಿತು. ಯೋಳಲ್ಲ ಅಂದ ಅಜ್ಜಿ ಎಲ್ಲವನ್ನೂ ಹೇಳಿದರು. ದೇವರಿಗೆ ಹೇಳುತ್ತಿದ್ದರು, ಅಪ್ಪ ನಡುವೆ ನಿಂತಿದ್ದರು ಅಷ್ಟೆ. ಚಪ್ಪಲಿ ಕಿತ್ತದ್ದು, ಅಂಗಡಿಗೆ ಹೋದದ್ದು, ಚಿಕ್ಕಯ್ನೋರು ಕಾಲು ಕೊಡಿ ಅಂದದ್ದು, ತಾವು ಕೊಟ್ಟದ್ದು.

‘ಕೆಲ್ಸ ಸಿಗಲ್ಲ ಅಂದ್ಬುಟ್ರು ಸ್ವಾಮಿ. ಕಣ್ಣಲ್ಲಿ ನೀರು ತುಂಬ್ಕಂಡಿತ್ತು. ಅದ್ಕೇ ಕೊಟ್ಬುಟ್ಟೆ. ನಿದ್ದೆ ಬರ್ನಿಲ್ಲ ನಂಗೆ.’

ಅಪ್ಪ ತಟ್ಟೆಯನ್ನೊಮ್ಮೆ ನೋಡಿದರು. ತಿರುಗಿ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ ನನಗೆ ಗೊತ್ತಿಲ್ಲ, ನಾನು ತಲೆ ತಗ್ಗಿಸಿದ್ದೆ. ಆಮೇಲೆ ತಟ್ಟೆಯಲ್ಲಿದ್ದ ಅರಿಶಿನದ ಗಂಟನ್ನು ತೆಗೆದು ಅಜ್ಜಿಯ ಕೈಗೆ ವಾಪಸು ಹಾಕಿದರು.

‘ಇದು ತಪ್ಪಲ್ಲಮ್ಮ, ಇದಕ್ಕೆ ಕಾಣಿಕೆ ಇಲ್ಲ. ಚಪ್ಪಲಿ ಸರಿಯಾಗಿದೆಯಾ?’

ಅಜ್ಜಿ ಗಂಟನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು.

‘ಎಡಗಾಲಿಂದು ವಸಿ ಬಿಗೀತದೆ.’

ಅಪ್ಪ ನನ್ನ ಕಡೆ ತಿರುಗಿದರು. ‘ಗಂಧ ಅಲ್ಲಿಡು. ನಿಮ್ಮಣ್ಣ ತೇಯ್ತಾನೆ. ನೀನು ಹೋಗಿ ಪಟ್ಟಿ ಸಡಿಲ ಮಾಡಿಕೊಡು.’

‘ಮಡಿ ಉಟ್ಟಿದ್ದೀನಿ ಅಪ್ಪ.’

‘ಗೊತ್ತು. ಹೋಗು’ ಅಂದರು. ನಾನು ಹೊಸ್ತಿಲು ದಾಟುವಾಗ ಹಿಂದಿನಿಂದ ಮತ್ತೊಂದು ಮಾತು ಬಂತು. ‘ನಿಮ್ಮ ಮಾವನಿಗೆ ಮಧ್ಯಾಹ್ನ ನಾನೇ ಫೋನು ಮಾಡ್ತೀನಿ.’

ಹೊರಗೆ ಬಂದೆ. ಅಜ್ಜಿ ಕಟ್ಟೆಯ ಮೇಲೆ ಕೂತರು. ನಾನು ಮಡಿಪಂಚೆಯಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಕೂತು ಎಡಗಾಲಿನ ಚಪ್ಪಲಿ ಕೈಗೆತ್ತಿಕೊಂಡೆ. ಬಕಲು ಬಿಚ್ಚಿ ಒಂದು ತೂತು ಹಿಂದಕ್ಕೆ ಹಾಕಿ ಅಜ್ಜಿಯ ಕಾಲಿಗೆ ತೊಡಿಸಿದೆ. ಅವರು ಈ ಸಲ ಕಣ್ಣು ಬಿಟ್ಟುಕೊಂಡೇ ಇದ್ದರು. ಪಾದ ಆಚೆ ಈಚೆ ತಿರುಗಿಸಿ ನೋಡಿಕೊಂಡರು.

‘ಇನ್ನೊಂದ್ ತೂತು ಸಡ್ಲ ಮಾಡು ಕಣಪ್ಪ’ ಅಂದರು.

ಮಾಡಿದೆ.